ಎಮ್ಮಿಯವ್ವನವರಿಗೆ ಆಳುಮಗಳ ಬಹಿರಂಗ ಪತ್ರ

ಎಮ್ಮಿಗನೂರು, ಕಂಪ್ಲಿ ತಾಲೂಕು

ಸನ್ಮಾನ್ಯ ಎಮ್ಮಿಯವ್ವನವರೇ,

ನಿಮ್ಮ ಸಗಣಿ ಬಾಚುವ, ಮೈ ತೊಳೆಯುವ, ಉಣ್ಣಿ ಕೀಳುವ, ಹಾಲು ಕರೆಯುವ ಆಳುಮಗಳ ಶರಣು. ದಿನಾ ನಿಮ್ಮ ಕಿವಿಯಲ್ಲಿ ಹೇಳುವುದನ್ನು ಇವತ್ತು ಮಗಳ ಕೈಲಿ ಬರೆಸಿ ಊರಿಗೆಲ್ಲ ಕೇಳಿಸುತ್ತಿದ್ದೇನೆ. ಸಾವ್ಕಾರ್ರು ನನಗಿಂತ ನಿಮ್ಮ ಮಾತು ಬೇಗ ಕೇಳುತ್ತಾರೆ. ನೀವು ಒಂದು ಹೊತ್ತು ಹಿಂಡಿ ಮುಟ್ಟದಿದ್ದರೆ 1962ಕ್ಕೆ ಫೋನು ಹೋಗುತ್ತದೆ, ಡಾಕ್ಟರ ಗಾಡಿ ಗ್ವಾದ್ಲಿ ತನಕ ಬರುತ್ತದೆ. ನಾನು ಜ್ವರ ಅಂದರೆ, "ಗುಳಿಗಿ ನುಂಗಿ ಲಗೂನ ಬಾ" ಅನ್ನುತ್ತಾರೆ.

ನಮ್ಮಿಬ್ಬರಿಗೂ ಸರ್ಕಾರ 12 ಅಂಕಿಯ ನಂಬರು ಕೊಟ್ಟಿದೆ. ನಿಮ್ಮದು ಕಿವಿಯ ಹಳದಿ ಓಲೆಯಲ್ಲಿದೆ, ದೂರದಿಂದಲೇ ಓದಿಕೊಳ್ಳುತ್ತಾರೆ. ನನ್ನ ನಂಬರಿಗೆ ಹೆಬ್ಬೆಟ್ಟು ಬೇಕು. ಸಗಣಿ, ನೀರು, ಹಗ್ಗದಲ್ಲಿ ಸವೆದ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಮಿಷನ್ನು ಒಪ್ಪುವುದೇ ಇಲ್ಲ.

ನಿಮ್ಮ ಹಾಲಿಗೆ ಡೇರಿಯಲ್ಲಿ ಫ್ಯಾಟ್ ನೋಡಿ ರೇಟು. ಅದರ ಮೇಲೆ ಸರ್ಕಾರದ ಪ್ರೋತ್ಸಾಹಧನ, ಲೀಟರಿಗೆ 5 ರೂಪಾಯಿ, ನೇರ ಸಾವ್ಕಾರ್ರ ಖಾತೆಗೆ. ಹಾಲು ಕೆಚ್ಚಲಿಂದ ಬಿಂದಿಗೆಗೆ ತಾನೇ ಹಾರಿತೆಂದು ಲೆಕ್ಕ. ನನಗೆ ತಿಂಗಳಿಗೆ ಕೊಟ್ಟಷ್ಟು, ಹಬ್ಬಕ್ಕೊಂದು ಸೀರೆ, ದಿನಾ ಒಂದು ತಂಬಿಗೆ ಮಜ್ಜಿಗೆ. ಆ ಮಜ್ಜಿಗೆಯಲ್ಲಿ ಫ್ಯಾಟ್ ಎಷ್ಟಿದೆ ಅಂತ ನೋಡುವ ಮಿಷನ್ನು ಮಾತ್ರ ಇನ್ನೂ ಬಂದಿಲ್ಲ.

ಲಸಿಕೆಯ ವಿಷಯಕ್ಕೆ ಬರುತ್ತೇನೆ. ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ಮನೆ ಬಾಗಿಲಿಗೇ ಬಂದು ನಿಮಗೆ ಸೂಜಿ ಹಾಕುತ್ತಾರೆ, ಪುಕ್ಕಟೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಕಂದು ರೋಗದ ಲಸಿಕೆ ಬೇರೆ, ಅದೂ ಪುಕ್ಕಟೆ. ಈ ಕಂದು ರೋಗ ಎಮ್ಮಿಯಿಂದ ಮನುಷ್ಯರಿಗೂ ಬರುತ್ತದೆ. ಕಂದು ಹಾಕಿದ ಎಮ್ಮಿಯ ಮಾಸು ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ಅಂಟಿಕೊಂಡರೆ ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಕೀಲು ಹಿಡಿಯುತ್ತವೆ, ವಾರಗಟ್ಟಲೆ ಔಷಧಿ ನುಂಗಬೇಕು. ನಿಮ್ಮ ಮಾಸು ಬೀಳದಿದ್ದಾಗ ಬರಿಗೈ ಹಾಕುವವಳು ನಾನು. ಆಳಿಗೆ ಹಾಕುವ ಲಸಿಕೆ ನಮ್ಮಲ್ಲಿಲ್ಲ, ಹೋಗಲಿ ಬಿಡಿ. ಒಂದು ಜೊತೆ ಗ್ಲೌಸು ಕೇಳಿದೆ. "ಗ್ಲೌಸು ಹಾಕ್ಕೊಂಡ್ರ ಎಮ್ಮಿ ಬೆದರತೈತಿ" ಅಂದರು. ನೀವು ಬೆದರುತ್ತೀರಾ ಅಂತ ನಿಮ್ಮನ್ನು ಕೇಳಿದವರು ಯಾರು?

1948ರ ಕನಿಷ್ಠ ಕೂಲಿ ಕಾಯಿದೆ ಬೇಸಾಯದ ಕೆಲಸದೊಳಗೆ ಹೈನುಗಾರಿಕೆ, ಜಾನುವಾರು ಸಾಕಣೆಯನ್ನೂ ಸೇರಿಸಿತ್ತಂತೆ. ಮನೆಗೆಲಸದವರಿಗೂ ಕರ್ನಾಟಕದಲ್ಲಿ 2004ರಲ್ಲಿ ಕನಿಷ್ಠ ಕೂಲಿ ಗೊತ್ತುಮಾಡಿದರಂತೆ. ಸಾವ್ಕಾರ್ರ ಪ್ರಕಾರ ದನದ ಮನೆ ಹೊಲವೂ ಅಲ್ಲ, ಮನೆಯೂ ಅಲ್ಲ. ಹೊಲದ ಕೂಲಿ ಕೇಳಿದರೆ, "ನೀ ಗದ್ದಿಗೆ ಇಳದೀಯೇನು?" ಮನೆಗೆಲಸದ ಪಗಾರ ಕೇಳಿದರೆ, "ಪಡಸಾಲಿ ದಾಟಿ ಒಳಗ ಬಂದೀಯೇನು?" ದಾಟಿದರೆ ಏಳುವ ರಂಪ ಅವರಿಗೂ ಗೊತ್ತು, ನನಗೂ ಗೊತ್ತು.

ಹಂಪಿ ನಮಗೆ ದೂರವೇನಲ್ಲ. ಅಲ್ಲಿಯ ಆನೆ ಲಾಯಕ್ಕೆ ಸಾಲಾಗಿ 11 ಕೋಣೆ, ನೆತ್ತಿಯ ಮೇಲೆ ಗುಮ್ಮಟ. ಬಂದವರೆಲ್ಲ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳುತ್ತಾರೆ. ಲದ್ದಿ ಬಾಚಿದವರು ಎಲ್ಲಿ ಮಲಗುತ್ತಿದ್ದರು ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಈಗ ಬೇಡಿಕೆ. ನನ್ನ ಕೈ ತಾಗದೆ ನೀವು ತೊರೆ ಬಿಡುವುದಿಲ್ಲ. ಊರಿನಲ್ಲಿ ನನಗಿರುವ ಅಧಿಕಾರ ಅದೊಂದೇ, ಅದೂ ನೀವು ಕೊಟ್ಟಿದ್ದು. ಬರುವ ಅಮಾಸಿಗೆ ನಾನು ಕೆಲಸಕ್ಕೆ ಬರುವುದಿಲ್ಲ. ಸಾವ್ಕಾರ್ರೇ ಬಿಂದಿಗೆ ಹಿಡಿದು ಬಂದಾರು, ನನ್ನ ಹಳೆ ಸೀರೆ ಹೊದ್ದು ಕೂತರೂ ಕೂತಾರು. ಮೋಸಹೋಗಬೇಡಿ. ಒದೆಯಲೂ ಬೇಡಿ, ತಪ್ಪು ನನ್ನ ತಲೆಗೇ ಬರುತ್ತದೆ. ಹಾಲು ಮೇಲಕ್ಕೆ ಏರಿಸಿಕೊಂಡು ಮೆಲುಕು ಹಾಕುತ್ತ ನಿಂತುಬಿಡಿ. ಪಗಾರದ ಮಾತು ಮುಗಿದ ಮೇಲೆ ನಾನೇ ಬರುತ್ತೇನೆ.

ಇತಿ,
ನಿಮ್ಮ ಆಳುಮಗಳು

ವಿ.ಸೂ.: ಹಾಲು ಇಳಿಸುವ ಇಂಜೆಕ್ಷನ್ ಹಿಡಿದು ಬಂದರೆ ಮಾತ್ರ ಧಾರಾಳವಾಗಿ ಒದೆಯಿರಿ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ನಿಮ್ಮ ಕಡೆಗಿದೆ.