ಹ್ಯಾಂಡ್ಲಿಂಗ್ ಚಾರ್ಜು

ಹಾಸನದ ಒಂದು ಕಾರ್ ಶೋರೂಮು. ಅರಕಲಗೂಡು ಕಡೆಯ ಆಲೂಗಡ್ಡೆ ಗೌಡರು, ಟೈ ಕಟ್ಟಿದ ಹುಡುಗ.

"ಎಂಟು ಲಕ್ಷದ ಕಾರಿಗೆ ಶೇ. 14 ರೋಡ್ ಟ್ಯಾಕ್ಸು, ಸರ್ಕಾರದ್ದು, ಸರಿ. ಈ ಹ್ಯಾಂಡ್ಲಿಂಗ್ ಚಾರ್ಜು ಯಾರದ್ದಪ್ಪಾ?"

"ಯಾರ್ಡಿಂದ ಇಲ್ಲಿಗೆ ತಂದಿದ್ದಕ್ಕೆ ಸಾರ್. ಹೊಳೆನರಸೀಪುರದೋರು, ಚನ್ನರಾಯಪಟ್ಟಣದೋರು ಎಲ್ಲಾ ಕೊಟ್ಟವ್ರೆ."

"ನನ್ನ ಆಲೂಗಡ್ಡೆ ಮಂಡಿಗೆ ಬಂದ್ರೆ ಹಮಾಲಿ ನಾನೇ ಕೊಡ್ಬೇಕು. ನಿನ್ನ ಕಾರು ನಿನ್ನ ಅಂಗಡಿಗೆ ಬಂದ್ರೂ ನಾನೇ ಕೊಡ್ಬೇಕಾ?"

"ಇನ್ಸೂರೆನ್ಸೂ ನಮ್ಮಲ್ಲೇ ಸಾರ್."

"ಎಲ್ಲಿ ಬೇಕಾದ್ರೂ ಮಾಡಿಸ್ಬೋದು ಅಂತ ರೂಲ್ಸ್ ಐತಲ್ಲೋ?"

"ಐತೆ ಸಾರ್. ಹೊರಗಿಂದು ತಂದ್ರೆ ಡೆಲಿವರಿ ಸ್ವಲ್ಪ ಲೇಟು."

"1915ಕ್ಕೆ ಫೋನ್ ಮಾಡ್ಲಾ?"

ಗ್ರಾಹಕ ಸಹಾಯವಾಣಿ ನಂಬರು ಕೇಳಿದ್ದೇ ಏಸಿಯಲ್ಲೂ ಹುಡುಗನಿಗೆ ಬೆವರು. (ನಂಬರಿಗೆ ಅಷ್ಟು ಶಕ್ತಿ ಇದೆ, ಡಯಲ್ ಮಾಡೋರು ಕಮ್ಮಿ.) ಒಳಗೆ ಹೋಗಿ ಬಂದ.

"ಮ್ಯಾನೇಜರ್ ಒಪ್ಪಿದ್ರು ಗೌಡ್ರೆ, ಹ್ಯಾಂಡ್ಲಿಂಗ್ ಪೂರ್ತಿ ತೆಗೆದ್ವಿ."

"ಟೋಟಲ್ ಅಷ್ಟೇ ಐತಲ್ಲ?"

"ಅದು ಲಾಜಿಸ್ಟಿಕ್ಸು ಸಾರ್."