ನರಗುಂದ ಬಂಡಾಯ, ಪಾರ್ಟ್ ಒನ್

"ಅಲ್ಲೋ ತಮ್ಮಾ, ನಗಾಕ ಏನೈತಿ ಅದರಾಗ?"

ಕಂಪೌಂಡ್ ಗ್ವಾಡಿಯ ಆಚೆ ಕಾಕಾ ಎಲಿಗೆ ಸುಣ್ಣ ಹಚ್ಚುತ್ತ ಕೇಳಿದರು. ಸಿಟ್ಟು ನನ್ನ ಮೇಲಲ್ಲ, ಮೊಮ್ಮಗನ ಮೇಲೆ. ರಾಜಕುಮಾರ್ ಇಂಗ್ಲಿಷಿನಲ್ಲಿ ಹಾಡಿದ 'ಆಪರೇಷನ್ ಡೈಮಂಡ್ ರಾಕೆಟ್' ಹಾಡನ್ನು ಹುಡುಗ ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿ ಬಿದ್ದು ಬಿದ್ದು ನಗುತ್ತಾನಂತೆ.

"ನಗಲಿ ಬಿಡ್ರಿ ಕಾಕಾ. 1978ರ ಪಿಚ್ಚರ್ ಇವತ್ತಿಗೂ ಹುಡುಗರ ಕೈಯಾಗ ಐತೆಲ್ಲ. ಎಷ್ಟ ಪಿಚ್ಚರಿಗೆ ಬರ್ತೈತಿ ಈ ಭಾಗ್ಯ?"

ಕಾಕಾ ಮೆತ್ತಗಾಗಲಿಲ್ಲ. ಹರೇದಾಗ ಟೂರಿಂಗ್ ಟಾಕೀಜಿನಲ್ಲಿ ಗೇಟ್ ಕಾದ ಮನುಷ್ಯ; ರಾಜಕುಮಾರ್ ಮಾಡಿದ ಪತ್ತೇದಾರ ಸಿಐಡಿ 999 ವಿಷಯದಲ್ಲಿ ಅವರ ಹತ್ತಿರ ಚೇಷ್ಟೆ ನಡೆಯೋದಿಲ್ಲ.

ಆ ಸರಣಿಯೇ ಒಂದು ಮಜಾ. 1966ರಲ್ಲಿ 'ಮಂತ್ರಾಲಯ ಮಹಾತ್ಮೆ'ಯ ರಾಯರಾಗಿ ಜನರಿಂದ ಕೈ ಮುಗಿಸಿಕೊಂಡ ರಾಜಕುಮಾರ್, ಎರಡೇ ವರ್ಷಕ್ಕೆ ದೊರೆ-ಭಗವಾನ್ ಜೋಡಿಯ 'ಜೇಡರ ಬಲೆ'ಯಲ್ಲಿ ಪಿಸ್ತೂಲು ಹಿಡಿದು ನಿಂತರು. ಅದೇ 1968ರಲ್ಲಿ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಆಮೇಲೆ ಒಂಬತ್ತು ವರ್ಷ ಸುದ್ದಿ ಇಲ್ಲ. ಮುಂದೆ ಡೈಮಂಡ್ ರಾಕೆಟ್. ಪಾರ್ಟ್ ಟೂ, ಪಾರ್ಟ್ ತ್ರೀ ಎಂಬ ನಂಬರಿನ ಹಂಗು ಆಗ ಇರಲಿಲ್ಲ. ಕೇಸು ಬದಲಾಯಿತು, ಹೆಸರೂ ಬದಲಾಯಿತು, ಅಷ್ಟೇ. ಅತ್ತ ಜೇಮ್ಸ್ ಬಾಂಡ್ ದ್ವೀಪಗಟ್ಟಲೆ ಸುಟ್ಟು ಬೂದಿ ಮಾಡುತ್ತಿದ್ದ ಕಾಲಕ್ಕೆ ನಮ್ಮ ಪತ್ತೇದಾರನಿಗೆ ಇದ್ದದ್ದು ಕಪ್ಪು-ಬಿಳುಪು ರೀಲು, ಒಂದು ಕೋಟು, ಮತ್ತೆ ಮುಖ. ಆ ಮುಖವೇ ಸಾಕಾಗಿತ್ತು ಅನ್ನೋದು ಬೇರೆ ಮಾತು.

"ಅದೂ ಪೂರಾ ಎಲ್ಲಿ ನೋಡೀವಿ ನಾವು?" ಅಂದರು ಕಾಕಾ.

ಇಲ್ಲಿಂದ ಅವರ ಮಾತಿಗೆ ಕಳೆ ಏರಿತು. ಹುಬ್ಬಳ್ಳಿ, ಗದಗ ಎಲ್ಲ ಮುಗಿಸಿಕೊಂಡು ಪ್ರಿಂಟು ನಮ್ಮ ಕಡೆಯ ಡೇರೆಗೆ ಬರುವಷ್ಟರಲ್ಲಿ ಮೈತುಂಬ ಗೀರು. ಪರದೆಯ ಮೇಲೆ ಮನೆಯೊಳಗಿನ ಸೀನಿಗೂ ಮಳಿ ಹೊಡೆಯುತ್ತಿತ್ತು. ಕಾರ್ಬನ್ ಕಡ್ಡಿ ಸವೆದಂತೆ ಬೆಳಕು ಕೆಂಪಗಾಗುವುದು, ಜನ ಕೂಗಿದ ಮೇಲೆ ಆಪರೇಟರ್ ಎಚ್ಚರಾಗುವುದು. ರೀಲು ಹರಿದಾಗಲೆಲ್ಲ ಎರಡೂ ತುದಿ ಕತ್ತರಿಸಿ ಅಂಟಿಸಬೇಕು. ಪ್ರತಿ ಸಲ ನಾಲ್ಕಾರು ಚಿತ್ರ ನೆಲಕ್ಕೆ. ಹೀಗಾಗಿ ಬಾಗಿಲಲ್ಲಿ ನಿಂತ ಖಳನಾಯಕ ಒಮ್ಮೆಲೇ ಕುರ್ಚಿಯಲ್ಲಿ ಕೂತಿರುತ್ತಿದ್ದ! ನಡುವೆ ಏನಾಯಿತು ಅಂತ ಡೇರೆಯಲ್ಲಿ ಕೂತವರೇ ಮಾತಾಡಿಕೊಂಡು ಗೊತ್ತು ಮಾಡಬೇಕು. ಬೆಂಗಳೂರಿನ 'ಗೋವಾದಲ್ಲಿ' ಬೇರೆ, ನಮ್ಮ 'ಗೋವಾದಲ್ಲಿ' ಬೇರೆ ಅಂತ ಕಾಕಾ ಇವತ್ತಿಗೂ ವಾದಿಸುತ್ತಾರೆ. ನನಗೂ ಅದು ಸುಳ್ಳು ಅನ್ನಿಸೋದಿಲ್ಲ.

"ಹಂಗಾರ 'ಆಪರೇಷನ್ ಅಂತ' ನೆನಪೈತೇನ್ರಿ?" ಕೇಳಿದೆ.

ಕಾಕಾ ತಡವರಿಸಿದರು. ಅದೇ ಅದರ ಹಣೆಬರಹ. 1981ರ 'ಅಂತ' ಯಾರಿಗೆ ಗೊತ್ತಿಲ್ಲ? ಕನ್ವರ್‌ಲಾಲ್ ಆದ ಅಂಬರೀಶರ ಗತ್ತನ್ನು ಇಂದಿಗೂ ಗಣಪತಿ ಪೆಂಡಾಲಿನಲ್ಲಿ ಹುಡುಗರು ನಕಲು ಮಾಡುತ್ತಾರೆ. ಅದೇ ರಾಜೇಂದ್ರಸಿಂಗ್ ಬಾಬು, ಅದೇ ಅಂಬರೀಶ್, 1995ರಲ್ಲಿ ಮುಂದಿನ ಕಥೆ ತಂದರೆ ಅದನ್ನು ನಕಲು ಮಾಡಿದವರನ್ನು ನಾನು ಕಂಡಿಲ್ಲ. 'ಗಂಧದ ಗುಡಿ'ಗೂ 21 ವರ್ಷದ ಮೇಲೆ, 1994ರಲ್ಲಿ, ಎರಡನೇ ಭಾಗ ಬಂದಿತ್ತು ಅಂದರೆ "ಹೌದೇನು?" ಅನ್ನುವವರೇ ಹೆಚ್ಚು.

ನನ್ನ ಲೆಕ್ಕ ಇಷ್ಟು: ಮೊದಲನೇ ಪಿಚ್ಚರು ಎಲ್ಲೆಲ್ಲಿ ಹರಿದಿದೆಯೋ ಅಲ್ಲೆಲ್ಲ ನಾವೇ ತೇಪೆ ಹಚ್ಚಿಕೊಂಡಿರುತ್ತೇವೆ. ಎರಡನೆಯದು ಬಂದು ಆ ತೇಪೆ ಕಿತ್ತು ಹೊಸ ಅರಿವೆ ಹೊಲಿಯಲು ಕೂತರೆ ಯಾರಿಗೆ ಹಿಡಿಸುತ್ತದೆ? ಫಣಿ ರಾಮಚಂದ್ರ ಜಾಣರು. 'ಗಣೇಶನ ಮದುವೆ' 1990ರಲ್ಲಿ ಗೆದ್ದಿತು ಅಂತ ಆ ವಠಾರಕ್ಕೇ ಮತ್ತೆ ಬಾಡಿಗೆಗೆ ಹೋಗಲಿಲ್ಲ. ಗಣಪ್ಪನ ಹೆಸರು ಮಾತ್ರ ಇಟ್ಟುಕೊಂಡು ಮರುವರ್ಷ 'ಗೌರಿ ಗಣೇಶ' ಅಂತ ಬೇರೆಯೇ ಕಥೆ ಹೇಳಿದರು. ಟಿವಿಯಲ್ಲಿ ಯಾವಾಗ ಹಾಕಿದರೂ ನಮ್ಮ ಮನೆಯಲ್ಲಿ ಅಡಿಗಿ ತಡ.

ತೇಪೆ ಹಚ್ಚುವುದು ನೋಡುವವರ ಕೆಲಸ ಮಾತ್ರ ಅಲ್ಲ; ದುಡ್ಡಿಲ್ಲದೆ ಪಿಚ್ಚರ್ ತೆಗೆಯುವ ಹುಚ್ಚು ಎಲ್ಲ ಕಡೆಯೂ ಇದೆ. ಮಹಾರಾಷ್ಟ್ರದ ಮಾಲೇಗಾಂವ್‌ನಲ್ಲಿ ಮಗ್ಗದ ಮಂದಿ ಸೇರಿ ತಮ್ಮದೇ 'ಶೋಲೆ' ತೆಗೆದರು. ಕ್ರೇನ್ ಇಲ್ಲ ಅಂತ ಎತ್ತಿನ ಗಾಡಿಯ ಮೂಕಿಗೆ ಕ್ಯಾಮೆರಾ ಕಟ್ಟಿ ಮೇಲೆತ್ತಿದವರು ಅವರು. ಮಗ್ಗ ಅಂದಕೂಡಲೇ ಕಾಕಾಗೆ ಗಜೇಂದ್ರಗಡ ನೆನಪಾಯಿತು. "ಅಲ್ಲೂ ಮಗ್ಗ ಅದಾವು. ನಾವ್ಯಾಕ ತಗೀಬಾರ್ದು?"

"ಏನ್ ಕಥಿ ತಗೀತೀರಿ?"

"ನರಗುಂದ ಬಂಡಾಯ."

ಅದು ಬಂದುಹೋಗಿದೆ ಅಂತ ಹೇಳಬೇಕಾಯಿತು. ನಾಗೇಂದ್ರ ಮಾಗಡಿ ನಿರ್ದೇಶನದ ಆ ಚಿತ್ರ 2020ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಅದೇ ತಿಂಗಳು ಕೊರೊನಾ ಬಂದು ಟಾಕೀಜುಗಳಿಗೆ ಬೀಗ ಬಿತ್ತು. ಮಲಪ್ರಭಾ ಕಾಲುವೆಯ ಬೆಟರ್‌ಮೆಂಟ್ ಲೆವಿ ಎಂಬ ಕರ, 1980ರ ಜುಲೈ 21ರ ಗೋಲಿಬಾರ್, ಆ ಕಡೆ ನವಲಗುಂದದಲ್ಲೂ ಅದೇ ಕಿಚ್ಚು, ಗುಂಡೂರಾವ್ ಸರಕಾರದ ವಿರುದ್ಧ ಎದ್ದ ರೈತರು. ಇಷ್ಟು ದೊಡ್ಡ ಕಥೆಗೆ ಸಿಕ್ಕ ಗಳಿಗೆ ನೋಡಿ.

ಕಾಕಾ ಎಲಿ ಬಾಯಿಗಿಟ್ಟು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ಪಾರ್ಟ್ ಟೂ ಆತು. ಪಾರ್ಟ್ ಒನ್ ಯಾರ್ ತಗದಾರ?" ಅಂದರು.

ಮಾತು ಖರೆ. ನರಗುಂದದ ಮೊದಲ ಬಂಡಾಯ 1858ರದು. ದತ್ತಕಕ್ಕೆ ಬ್ರಿಟಿಷರು ಒಪ್ಪದ್ದಕ್ಕೆ ಸಿಡಿದೆದ್ದ ನರಗುಂದದ ಅರಸ ಬಾಬಾಸಾಹೇಬ ಭಾವೆ, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸಾಹೇಬನ ತಲೆ ಹಾರಿಸಿ ತಂದು ಊರ ಅಗಸಿಗೆ ತೂಗಹಾಕಿದ. ಬೆಳಗಾವಿಯಲ್ಲಿ ಗಲ್ಲಿಗೇರಿದ.

"ಶೂಟಿಂಗ್ ಗಜೇಂದ್ರಗಡದ ಕ್ವಾಟ್ಯಾಗ ಇಟ್ಕೊಳ್ಳೋಣು. ಬಾಗ್ಲಾ ಗಟ್ಟಿ ಅದಾವು, ಹೊಂಡ ಅದಾವು, ಸೆಟ್ಟಿನ ಖರ್ಚಿಲ್ಲ."

"ಕಾಕಾ, ಅಲ್ಲಿ ಗುಡ್ಡದ ತುಂಬ ಗಾಳಿ ಫ್ಯಾನ್ ಅದಾವಲ್ರಿ. 1858ರಾಗ ಸಾಹೇಬ ಕುದುರಿ ಮ್ಯಾಲ ಬರಾಕತ್ತಾನ, ಹಿಂದ ಫ್ಯಾನ್ ತಿರಗಾಕತ್ತಾವ!"

"ತಿರಗಲಿ. ಅದನ್ನ ನೋಡಾಕರ ನಾಕ ಮಂದಿ ಬರ್ತಾರ."

"ಮತ್ತ ಬಾಬಾಸಾಹೇಬನ ಪಾತ್ರ ಯಾರು?"

"ನೀ ಅಂತೂ ಅಲ್ಲ, ನಿನಗ ಕುದುರಿ ಹತ್ತಾಕ ಬರೂದಿಲ್ಲ. ನೀ ಮ್ಯಾನ್ಸನ್ ಮಾಡು. ಮಾತ ಕಡಿಮಿ. ಅಗಸ್ಯಾಗ ತೂಗ್ಯಾಡೂದು ಅಷ್ಟ."