ಶಾಮಿಯಾನ ಇಲ್ಲದ ಡೆಕೊರೇಟರ್

ಫೋನಿನಲ್ಲಿ ಮೆಲ್ಲಗೆ ಮಾತಾಡುವ ಅಭ್ಯಾಸ ನನಗಿಲ್ಲ. ಮೊನ್ನೆ ಸಹೋದ್ಯೋಗಿಗೆ, "ಡೆಕೊರೇಟರ್ ಹಾಕಿದ್ರೆ ಸಾಕು ಮಾರಾಯ, ಹಳೇದನ್ನ ಮುಟ್ಟೋದೇ ಬೇಡ" ಎಂದದ್ದು ಪಕ್ಕದ ಮನೆಗೂ ಕೇಳಿಸಿತು. ಸಂಜೆ ಅಲ್ಲಿನ ಅಜ್ಜಿ ಬಂದರು. "ಮೊಮ್ಮಗಳ ನಿಶ್ಚಿತಾರ್ಥಕ್ಕೆ ಶಾಮಿಯಾನ, ನೂರು ಕುರ್ಚಿ ಬೇಕಿತ್ತು ಕಣಪ್ಪ. ನಿಂಗೆ ಗೊತ್ತಿರೋ ಡೆಕೊರೇಟರ್ ಇದಾನಂತಲ್ಲ?" ಅವನು ಕಂಪ್ಯೂಟರಿನೊಳಗೆ ಮಾತ್ರ ಇರುವವನು ಅಜ್ಜಿ, ಎಂದೆ. ಇವನಿಂದ ಒಂದು ಸ್ಟೂಲೂ ಹುಟ್ಟುವುದಿಲ್ಲ ಎಂಬುದು ಅವರ ಮುಖದಲ್ಲೇ ಬರೆದಿತ್ತು.

ಈ ಕಂಪ್ಯೂಟರಿನ ಡೆಕೊರೇಟರ್ ನನಗೆ ಗಂಟುಬಿದ್ದದ್ದು ದೋಸೆಯ ದೆಸೆಯಿಂದ. ಪರಿಚಯದವರ ಹೋಟೆಲಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಡಲು ಒಪ್ಪಿದ್ದೆ. ಸಾದಾ ದೋಸೆಗೊಂದು ಕ್ಲಾಸ್ (ಪ್ರೋಗ್ರಾಮಿನೊಳಗಿನ ಅಚ್ಚು), ಬೆಣ್ಣೆ ದೋಸೆಗೊಂದು, ಈರುಳ್ಳಿ ದೋಸೆಗೊಂದು, ಬೆಣ್ಣೆ-ಈರುಳ್ಳಿಗೆ ಮತ್ತೊಂದು. ಪಲ್ಯ, ಚಟ್ನಿಪುಡಿ, ಚೀಸ್ ಸೇರಿದರೆ ಒಟ್ಟು 32. ತುಪ್ಪವೂ ಬಂದರೆ 64! ದೋಸೆ ಹುಯ್ಯುವ ಭಟ್ಟರ ಬಳಿ ಇದ್ದದ್ದು ಹಿಟ್ಟಿನ ಪಾತ್ರೆ ಒಂದೇ.

ಮದ್ದು 1994ರಲ್ಲೇ ಸಿದ್ಧವಾಗಿತ್ತು. ಎರಿಕ್ ಗಾಮಾ ಮತ್ತು ಇನ್ನು ಮೂವರು ಬರೆದ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕದ 23 ವಿನ್ಯಾಸಗಳಲ್ಲಿ ಡೆಕೊರೇಟರ್ ಕೂಡ ಒಂದು. ಅದರ ಪ್ರಕಾರ ಬೆಣ್ಣೆಯೂ ಹೊರಗಿನವರ ಪಾಲಿಗೆ ದೋಸೆಯೇ. ಆದರೆ ಒಳಗೊಂದು ದೋಸೆಯನ್ನು ಅವುಚಿಕೊಂಡಿರುತ್ತದೆ. ಬೆಲೆ ಕೇಳಿದರೆ ಒಳಗಿನದನ್ನು ವಿಚಾರಿಸಿ, ಅದು ಹೇಳಿದ ಮೊತ್ತಕ್ಕೆ ತನ್ನ 10 ರೂಪಾಯಿ ಸೇರಿಸಿ ಹೇಳುತ್ತದೆ. ಒಳಗಿರುವುದು ಸಾದಾವೋ, ಈರುಳ್ಳಿ ಹೊದ್ದದ್ದೋ, ಆ ಗೊಡವೆ ಅದಕ್ಕಿಲ್ಲ. ಚಳಿಗಾಲದಲ್ಲಿ ಅಮ್ಮ ನನಗೆ ಸ್ವೆಟರು, ಶಾಲು, ಮಂಕಿ ಟೋಪಿ ಏರಿಸಿ ಶಾಲೆಗೆ ಕಳಿಸುತ್ತಿದ್ದಳು. ಹಾಜರಿ ಕೂಗಿದಾಗ "ಎಸ್ ಸಾರ್" ಎನ್ನುತ್ತಿದ್ದವನು ನಾನೇ. ದನಿಗೆ ಮಾತ್ರ ಉಣ್ಣೆ ಅಂಟಿರುತ್ತಿತ್ತು.

ವಿದ್ಯೆ ಕೈಗೆ ಹತ್ತಿದ ಹುರುಪು ಕೇಳಬೇಕೆ? ಜಾವಾದಲ್ಲಿ ಫೈಲ್ ಬರೆಯುವಾಗ ಕುಗ್ಗಿಸಲು ಜಿಜಿಪ್ ಹೊದಿಕೆಯುಂಟು, ಗುಟ್ಟಾಗಿಸಲು ಸೈಫರ್ ಹೊದಿಕೆಯುಂಟು. ನಾನು ಮೊದಲು ಗುಟ್ಟಾಗಿಸಿ ಆಮೇಲೆ ಕುಗ್ಗಿಸಲು ಹೋದೆ. ಗುಟ್ಟಾದ ಅಕ್ಷರಗಳಲ್ಲಿ ಮತ್ತೆ ಮತ್ತೆ ಬರುವ ಜಾಡೇ ಉಳಿಯದ ಕಾರಣ ಕುಗ್ಗಿಸಲು ಏನೂ ಸಿಗದು. ಫೈಲು ಒಂದಿಷ್ಟು ದಪ್ಪವೇ ಆಯಿತು. ಅಂಗಿಯ ಮೇಲೆ ಬನಿಯನ್ ತೊಟ್ಟರೆ ಕಂಪೈಲರ್ ಚಕಾರ ಎತ್ತುವುದಿಲ್ಲ, ನಗುವವರು ಆಫೀಸಿನವರು.

ಅಜ್ಜಿಯ ಮನೆಯ ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು. ಮರುದಿನ ಬೆಳಿಗ್ಗೆ ಡೆಕೊರೇಟರ್ ಬಂದು ಹೂವಿನ ಕಮಾನು, ಶಾಮಿಯಾನ ಎಲ್ಲ ಬಿಚ್ಚಿಕೊಂಡು ಹೋದ. ಮನೆ ಮೊದಲಿದ್ದ ಹಾಗೇ ಇತ್ತು. ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಆತ ಆ ಪುಸ್ತಕ ಓದಿದವನಲ್ಲ.